ಉಮ್ಮ ಹೇಳಿ ಬರೆಸಿದ ಮದ್ದು

ಹೆರಿಗೆಯಾದ ಒಂಬತ್ತನೆಯ ದಿನ ಬೆಳಿಗ್ಗೆ ಮದ್ದಿನ ಬಟ್ಟಲು ತುಂಬಿದ್ದು ತುಂಬಿದ ಹಾಗೆಯೇ ಅಡುಗೆಮನೆಗೆ ವಾಪಸು ಬಂತು. ತಂದವಳು ಸಫ್ರೀನಾ. ಹತ್ತನೇ ಕ್ಲಾಸಿನ ಹುಡುಗಿ, ಯೂನಿಫಾರ್ಮು ಹಾಕಿ ಬಸ್ಸಿಗೆ ಹೊರಟಿದ್ದಳು. ಬಟ್ಟಲನ್ನು ಒಲೆಕಟ್ಟೆಯ ಮೇಲಿಟ್ಟು, "ಮಾಮಿಗೆ ಬೇಡವಂತೆ" ಎಂದಳು.

"ಯಾಕಂತೆ?" ಅವಳ ತಾಯಿ ರಮ್ಲತ್ ಕೇಳಿದಳು.

"ಕಹಿಯಂತೆ. ಹಾಗಲಕಾಯಿಗೆ ಬೆಲ್ಲ ಸವರಿದ ಹಾಗೆ ಉಂಟಂತೆ."

ಆ ಮದ್ದಿಗಾಗಿ ರಮ್ಲತ್ ಎರಡು ದಿನ ಒಲೆಯ ಮುಂದೆ ನಿಂತಿದ್ದಳು. ಬೆಳ್ಳುಳ್ಳಿ ಸುಲಿದು ಉಗುರಿನ ಸಂದಿಯೆಲ್ಲ ಉರಿಯುತ್ತಿತ್ತು. ಬಟ್ಟಲನ್ನು ಕೈಗೆತ್ತಿಕೊಂಡು ಸೀದಾ ಬಾಣಂತಿಯ ಕೋಣೆಗೆ ಹೋದಳು. ಮಂಚದ ಮೇಲೆ ನಾದಿನಿ ಅಮೀರಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮಗು ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿತ್ತು.

"ಅಮೀರಾ, ಬಾಣಂತಿ ಮದ್ದು ಪಾಯಸದ ಹಾಗೆ ಇರುದಿಲ್ಲ ಮಾರಾಯ್ತಿ. ಎರಡು ಚಮಚ ತಿನ್ನು."

"ಉಮ್ಮ ಮಾಡಿದ್ದು ಹೀಗೆ ಇರ್ಲಿಲ್ಲ ಅತ್ತಿಗೆ. ಸಟ್ಟುಗ ನೆಕ್ಕಿದವಳು ನಾನು. ನನಗೆ ಗೊತ್ತಿಲ್ವಾ?"

"ಪುಸ್ತಕದಲ್ಲಿ ಇದ್ದ ಹಾಗೆಯೇ ಮಾಡಿದ್ದು. ಬರೆದದ್ದು ಕೂಡ ನೀನೇ."

"ಹನ್ನೊಂದು ವರ್ಷದವಳಿದ್ದಾಗ ಬರೆದದ್ದು ಈಗ ನೆನಪಿರ್ತದಾ? ಉಮ್ಮ ಇದ್ದಿದ್ರೆ ಪುಸ್ತಕವೇ ಬೇಕಿರ್ಲಿಲ್ಲ." ಅಮೀರಾ ಈ ಕಡೆ ಹೊರಳಿದಳು. ಕಣ್ಣು ಕೆಂಪಾಗಿತ್ತು. "ಬಿಡಿ. ತಾಯಿಮನೆಯ ಬಾಣಂತನ ಅಂದ್ರೆ ಎಂತ ಅಂತ ನಿಮಗೆ ಹೇಗೆ ಗೊತ್ತಾಗ್ಬೇಕು?"

ಹೇಳಬಾರದ ಮಾತು ಅದು. ಹೇಳಿದವಳಿಗೂ ಗೊತ್ತಾಯಿತು, ಆದರೆ ಬಾಯಿಂದ ಹೊರಗೆ ಬಂದಾಗಿತ್ತು.

"ನನಗೂ ಗೊತ್ತುಂಟು," ರಮ್ಲತ್ ಹೇಳಿದಳು. "ನನ್ನ ಉಮ್ಮ ಇಲ್ಲದಿದ್ರೂ ಸಫ್ರೀನಾ ಹುಟ್ಟಿದಾಗ ಅಣ್ಣ ಸುಳ್ಯದಿಂದ ಬುಟ್ಟಿ ಕಳಿಸಿದ್ದ. ಎರಡು ಕೋಳಿ, ತುಪ್ಪ, ನೇಂದ್ರ ಬಾಳೆಗೊನೆ. ಈ ಕಿಟಕಿಯಿಂದಲೇ ನಾನು ನೋಡಿದ್ದು."

ಜಗಲಿಯಲ್ಲಿ ಪೇಪರು ಓದುತ್ತಿದ್ದ ಅಮೀರಾಳ ತಂದೆ, ಮುದುಕ ಮೊಯ್ದಿನಬ್ಬ ಒಮ್ಮೆ ಕೆಮ್ಮಿದರು. ಪೇಪರು ಮಡಚಿಟ್ಟು, ಚಪ್ಪಲಿ ಹಾಕಿಕೊಂಡು ಅಂಗಳಕ್ಕೆ ಇಳಿದು ಹೋದರು. ಆ ಬುಟ್ಟಿಯ ಮಾತು ಬಂದಾಗಲೆಲ್ಲ ಅವರಿಗೆ ಹೊರಗೆ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಹದಿನೈದು ವರ್ಷದಿಂದ ಹೀಗೆ, ಯಾರೂ ಗಮನಿಸಿರಲಿಲ್ಲ.

ಸವಣೂರಿನ ಈ ಮನೆಯಲ್ಲಿ ಮೊಯ್ದಿನಬ್ಬರ ಹೆಂಡತಿ, ಅಮೀರಾಳ ಉಮ್ಮ ಪಾತು ತೀರಿಕೊಂಡು ಎಂಟು ತಿಂಗಳಾಗಿತ್ತು. ಇದ್ದಾಗ ಆಕೆ ಹೆಚ್ಚು ಮಾತಿನವಳೆಂದು ಎಲ್ಲರೂ ನಗುತ್ತಿದ್ದರು. ಒಲೆಯ ಜೊತೆ, ಕೋಳಿಯ ಜೊತೆ, ರೇಡಿಯೊದ ಜೊತೆ, ಕೊನೆಗೆ ಉಪ್ಪಿನ ಭರಣಿಯ ಜೊತೆಯೂ ಮಾತಾಡುವವಳು. ಆಕೆ ಹೋದ ಮೇಲೆ ಅಡುಗೆಮನೆಯಲ್ಲಿ ಕುಕ್ಕರಿನ ಸೀಟಿ ಬಿಟ್ಟರೆ ಬೇರೆ ಸದ್ದಿಲ್ಲ. ಮಗ ಅಸ್ಕರ್ ದರ್ಬೆಯಲ್ಲಿ ಹಗ್ಗ, ಟರ್ಪಾಲಿನ ಅಂಗಡಿ ನೋಡಿಕೊಳ್ಳುತ್ತಾನೆ. ಸೊಸೆ ರಮ್ಲತ್ ಮನೆ ನೋಡಿಕೊಳ್ಳುತ್ತಾಳೆ. ಚೊಚ್ಚಲ ಹೆರಿಗೆ ತಾಯಿಮನೆಯಲ್ಲಿ ಆಗಬೇಕು, ನಲವತ್ತು ದಿನ ಅಲ್ಲೇ ಇರಬೇಕು ಎಂಬುದು ರೂಢಿ. ಹಾಗೆ ಕಡಬದ ಗಂಡನ ಮನೆಯಿಂದ ಅಮೀರಾ ಇಲ್ಲಿಗೆ ಬಂದಿದ್ದಳು. ತಾಯಿಮನೆ ಇತ್ತು, ತಾಯಿ ಇರಲಿಲ್ಲ.

ಪುಸ್ತಕವೆಂದರೆ ಅಮೀರಾಳ ಆರನೇ ಕ್ಲಾಸಿನ ಸಮಾಜ ನೋಟ್ಸು. ಮುಂದಿನಿಂದ ಜಿಲ್ಲೆಗಳು, ನದಿಗಳು. ಹಿಂದಿನಿಂದ ತಿರುಗಿಸಿದರೆ ಮದ್ದು. ಸಫ್ರೀನಾ ಹುಟ್ಟಿದಾಗ ರಮ್ಲತ್‌ಗಾಗಿ ಮದ್ದು ಕಾಯಿಸುತ್ತ ಪಾತು ಮಗಳನ್ನು ಪಕ್ಕದಲ್ಲಿ ಕೂರಿಸಿ, "ನಾನು ಹೇಳಿದ್ದನ್ನು ಬರಿ, ಮುಂದೆ ಬೇಕಾಗ್ತದೆ" ಎಂದಿದ್ದಳು. ತನಗೆ ತಾಯಿಯಿಲ್ಲದ್ದರಿಂದ ಇಲ್ಲಿಯೇ ಬಾಣಂತಿಯಾಗಿ ಒಳಗೆ ಮಲಗಿದ್ದ ರಮ್ಲತ್ ಮದ್ದು ತಿಂದವಳೇ ಹೊರತು ಮಾಡುವುದನ್ನು ನೋಡಿದವಳಲ್ಲ. ಈಗ ಆ ಪುಸ್ತಕವೇ ಗತಿ.

ಹನ್ನೊಂದನೆಯ ದಿನ ಕಡಬದಿಂದ ಅಮೀರಾಳ ಅತ್ತೆ ಮೈಮೂನಮ್ಮ ಫೋನು ಮಾಡಿದರು. ಮಧ್ಯಾಹ್ನ ಊಟಕ್ಕೆ ಬಂದ ಅಸ್ಕರ್ ಬಂಗುಡೆ ಸಾರಿಗೆ ಅನ್ನ ಕಲಸುತ್ತ ಆ ಸುದ್ದಿ ಹೇಳಿದ.

"ಬರುವ ವಾರ ಬಿಟ್ಟು ಅದರ ಮುಂದಿನ ಭಾನುವಾರ ಅವರು ಕಾರು ಮಾಡಿಕೊಂಡು ಬರ್ತಾರಂತೆ. ಅಮೀರಾಳನ್ನೂ ಮಗುವನ್ನೂ ಕರ್ಕೊಂಡು ಹೋಗ್ಲಿಕ್ಕೆ."

"ನಲವತ್ತು ಆಗ್ಲಿಕ್ಕಿಲ್ಲ ಆಗ!" ರಮ್ಲತ್‌ಳ ಕೈಯ ಸೌಟು ನಿಂತಿತು. "ಇಪ್ಪತ್ನಾಲ್ಕೇ ದಿನ."

"ಅಮೀರಾಳೇ ಹೇಳಿದ್ದಂತೆ. ಇಲ್ಲಿ ಸರಿ ಹೋಗುದಿಲ್ಲ, ಹಾಲೂ ಸಾಲುದಿಲ್ಲ ಅಂತ. ನಾನು ಎಂತ ಮಾಡುದು? ಅವಳ ಗಂಡ ಹಾರಿಸ್ ಕೂಡ ದಮ್ಮಾಮಿನಿಂದ ಫೋನು ಮಾಡಿ ನನ್ನ ಉಮ್ಮನ ಹತ್ತಿರವೇ ಹೋಗು ಅಂದನಂತೆ."

"ನಡುವಿನಲ್ಲಿ ಹೋದ್ರೆ ಊರಿನವರು ಎಂತ ಹೇಳ್ತಾರೆ? ಪಾತು ಹೋದ ಮೇಲೆ ಸೊಸೆ ಆ ಮನೆಯ ಬಾಗಿಲು ಹಾಕಿದಳು ಅಂತ."

"ಊರಿನವರ ಬಾಯಿಗೆ ನಾನು ಟರ್ಪಾಲು ಹಾಕ್ಲಾ?"

ರಮ್ಲತ್ ಸಾರಿನ ಪಾತ್ರೆಗೆ ಮುಚ್ಚಳ ಹಾಕಿದಳು. ಊರಿನವರ ಮಾತು ಹಾಗಿರಲಿ. ತಾನು ತಾಯಿಯಿಲ್ಲದೆ ಈ ಮನೆಗೆ ಬಂದವಳು, ಈ ಮನೆಯಲ್ಲಿ ತನಗೊಬ್ಬಳು ತಾಯಿ ಸಿಕ್ಕಿದ್ದಳು. ಆಕೆಯ ಮಗಳು ಈಗ ಹೀಗೆ ಎದ್ದುಹೋದರೆ, ಇನ್ನೊಮ್ಮೆ ಮಗಳಾಗಿ ಈ ಮೆಟ್ಟಿಲು ಹತ್ತಲಿಕ್ಕಿಲ್ಲ. ಪೆಟ್ಟಿಗೆ ಹಿಡಿದು ಬರುವ ನೆಂಟಳಾಗುತ್ತಾಳೆ. ಅದನ್ನು ನೆನೆದು ಅವಳಿಗೆ ಊಟ ಸೇರಲಿಲ್ಲ.

ಶನಿವಾರ ಶಾಲೆ ಬೇಗ ಬಿಟ್ಟಿತ್ತು. ಸಫ್ರೀನಾ ಅಡುಗೆಮನೆಯ ನೆಲದಲ್ಲಿ ಕೂತು, ಪೆನ್ಸಿಲು ಹಿಡಿದು ಪುಸ್ತಕ ಬಿಡಿಸಿದಳು.

"ಉಮ್ಮ, ಇದು ಮದ್ದಿನ ಪುಸ್ತಕ ಅಲ್ಲ. ಇದು ಉಮ್ಮಾಮ ಆ ದಿನ ಮಾತಾಡಿದ್ದು ಪೂರಾ. ಕೇಳು." ಅವಳು ಓದತೊಡಗಿದಳು. "'ಬೆಳ್ಳುಳ್ಳಿ ಸುಲಿದು ಹಾಲಿನಲ್ಲಿ ಬೇಯಿಸುವುದು. ಕಣ್ಣು ಉಜ್ಜಬೇಡ ಎಂದು ಹೇಳಲಿಲ್ಲವಾ. ತೆಂಗಿನಕಾಯಿ ಮೂರು. ರೇಡಿಯೊ ಸಣ್ಣ ಮಾಡಿ, ಮಗು ಏಳುತ್ತದೆ. ಮೊದಲ ಹಾಲು ಬೇರೆ ಇಡುವುದು. ಗೇಟು ಯಾರು ತೆರೆದದ್ದು.' ಮಾಮಿ ಒಂದನ್ನೂ ಬಿಡ್ಲಿಲ್ಲ!"

ರಮ್ಲತ್‌ಗೆ ನಗು ಬಂತು. ಎಂಟು ತಿಂಗಳ ಮೇಲೆ ಪಾತುವಿನ ದನಿ ಆ ಅಡುಗೆಮನೆಯಲ್ಲಿ ಕೇಳಿದ ಹಾಗಾಯಿತು. ಅಮೀರಾ ಚಿಕ್ಕವಳಿದ್ದಾಗ ಹಾಗೆಯೇ. ಹೇಳಿದ್ದನ್ನು ಬರಿ ಎಂದರೆ ಹೇಳಿದ್ದೆಲ್ಲವನ್ನೂ ಬರೆಯುವ ಹುಡುಗಿ. ಉಮ್ಮ ಬ್ಯಾರಿ ಭಾಷೆಯಲ್ಲಿ ಹೇಳಿದ್ದನ್ನು ಶಾಲೆಯ ಕನ್ನಡಕ್ಕೆ ತಿರುಗಿಸಿ, ದುಂಡಗೆ, ಒಂದರ ಹಿಂದೆ ಒಂದು ಬರೆದಿಟ್ಟಿದ್ದಳು.

"ನಾನು ಗುರುತು ಹಾಕ್ತೇನೆ," ಸಫ್ರೀನಾ ಹೇಳಿದಳು. "ಮದ್ದಿಗೆ ಸೇರಿದ್ದಕ್ಕೆ ಸರಿ ಗುರುತು. ಬರೀ ಮಾತಿಗೆ ಗೀಟು. ನೀನು ಯಾವುದಕ್ಕೆ ಎಂತ ಮಾಡಿದ್ದು, ಹೇಳು."

"ಮೆಂತ್ಯ ಒಂದು ಲೋಟ ಅರೆದು ಹಾಕುದು ಅಂತ ಇತ್ತು, ಹಾಕಿದೆ. ಅದರ ಕೆಳಗೆ 'ಇನ್ನೂ ಒಂದು ಮುಷ್ಟಿ ಹಾಕು' ಅಂತ ಇತ್ತು. ಅದನ್ನೂ ಹಾಕಿದೆ."

"ಆಮೇಲೆ?"

"ಆ ಪುಟ ಅಲ್ಲಿಗೆ ಮುಗೀತು. ಆಚೆಯದ್ದು ಅಂಟಿ ಹೋಗಿದೆ."

ಹದಿನೈದು ವರ್ಷದ ಹಿಂದೆ ಚೆಲ್ಲಿದ ಬೆಲ್ಲದ ಪಾಕದಲ್ಲಿ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಸಫ್ರೀನಾ ಚಹಾದ ಪಾತ್ರೆಯ ಹಬೆಗೆ ಮೊದಲ ಹಾಳೆಯನ್ನು ಹಿಡಿದು, ಮೆಲ್ಲ ಮೆಲ್ಲನೆ ಬಿಡಿಸಿದಳು. ಮರುಪುಟದ ಮೊದಲ ಸಾಲು ಓದಿ ಜೋರಾಗಿ ನಕ್ಕಳು.

"'ಆ ಕಪ್ಪು ಹೇಂಟೆಗೂ ಸಿಗಲಿ. ದೊಡ್ಡದು ಎಲ್ಲವನ್ನೂ ತಿನ್ನುತ್ತದೆ.' ಉಮ್ಮ, ಆ ಮುಷ್ಟಿ ಕೋಳಿಗೆ ಹಾಕಿದ ಅಕ್ಕಿ!"

"ಅಯ್ಯೋ ಅಲ್ಲಾಹ್," ರಮ್ಲತ್ ಹಣೆಗೆ ಕೈ ಹಚ್ಚಿದಳು. "ಕೋಳಿಯ ಪಾಲನ್ನು ಬಾಣಂತಿಗೆ ಹಾಕಿದೆನಾ!"

"ನಮ್ಮ ಕನ್ನಡ ಟೀಚರ್ ಯಾವಾಗ್ಲೂ ಹೇಳುದು, ಒಂದು ವಾಕ್ಯ ಗೊತ್ತಾಗದಿದ್ರೆ ಹಿಂದಿನದ್ದು ಮುಂದಿನದ್ದು ನೋಡಿ, ಯಾರು ಯಾರಿಗೆ ಹೇಳುದು ಅಂತ ಕೇಳಿ ಅಂತ."

"ನಿನ್ನ ಟೀಚರಿಗೆ ಹಾಳೆ ಅಂಟಿದ ಪುಸ್ತಕ ಸಿಗ್ಲಿಲ್ಲ."

ಆ ಮಧ್ಯಾಹ್ನವಿಡೀ ತಾಯಿ ಮಗಳು ಸಾಲು ಸಾಲಾಗಿ ವಾದ ಮಾಡಿದರು. 'ಬೆಲ್ಲ ಕರಗಿದ ಮೇಲೆ ಸೋಸುವುದು' ಸರಿ ಗುರುತು. 'ಅಷ್ಟು ಹತ್ತಿರ ಕೂರಬೇಡ' ಗೀಟು. 'ಕೈ ಬಿಡದೆ ತಿರುಗಿಸುವುದು, ತುಪ್ಪ ಬದಿ ಬಿಡುವವರೆಗೆ' ಸರಿ ಗುರುತು. 'ನಿನ್ನ ಉಪ್ಪನಿಗೆ ಚಹಾ ಬೇಕಂತೆ, ಕಾಯಲಿ' ಗೀಟು. ಜಗಲಿಯಿಂದ ಮೊಯ್ದಿನಬ್ಬ, "ಅದು ನನಗೆ ನೆನಪುಂಟು, ಚಹಾ ಸಿಗ್ಲೇ ಇಲ್ಲ" ಎಂದರು. ಪಾತು ಹೋದ ಮೇಲೆ ಆ ಮನೆಯಲ್ಲಿ ಮೂವರು ಒಟ್ಟಿಗೆ ನಕ್ಕದ್ದು ಅದೇ ಮೊದಲು. ಕೋಣೆಯ ಬಾಗಿಲು ಮಾತ್ರ ಅರ್ಧ ಹಾಕಿಯೇ ಇತ್ತು.

ಎರಡನೆಯ ಸಲದ ಮದ್ದು ಸರಿಯಾಯಿತು. ಬಣ್ಣವೂ ಸರಿ, ಪರಿಮಳವೂ ಸರಿ. ರಮ್ಲತ್ ಬಟ್ಟಲನ್ನು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟು, ಮತ್ತೆ ಏನು ಕೇಳಬೇಕಾಗುತ್ತದೋ ಎಂದು ಹೆದರಿ ತಕ್ಷಣ ಹೊರಗೆ ಬಂದಳು. ಒಂದು ಗಂಟೆ ಬಿಟ್ಟು ಹೋದಾಗ ಅರ್ಧ ಬಟ್ಟಲು ಹಾಗೆಯೇ ಇತ್ತು.

"ರುಚಿ ಸರಿ ಉಂಟಾ?"

"ಉಂಟು. ಹೀಗೇ ಇತ್ತು ಉಮ್ಮನದ್ದು."

"ಮತ್ತೆ?"

"ಸೇರುದಿಲ್ಲ ಅತ್ತಿಗೆ. ಎಂತ ಅಂತ ನನಗೂ ಗೊತ್ತಿಲ್ಲ."

ಅಮೀರಾ ಜಗಳಕ್ಕೆ ಬಂದಿದ್ದರೆ ರಮ್ಲತ್‌ಗೆ ಸುಲಭವಿತ್ತು. ಈ ತಣ್ಣಗಿನ ಮಾತಿಗೆ ಏನು ಮಾಡಬೇಕೆಂದು ತಿಳಿಯದೆ ಬಟ್ಟಲು ಎತ್ತಿಕೊಂಡು ಬಂದಳು. ಮುಂದಿನ ವಾರವೂ ಹಾಗೆಯೇ ನಡೆಯಿತು. ಬೆಳಿಗ್ಗೆ ಬಿಸಿನೀರು, ಮಗುವಿಗೆ ಎಣ್ಣೆ, ಹತ್ತು ಗಂಟೆಗೆ ಮದ್ದು, ಮಧ್ಯಾಹ್ನ ಕೋಳಿ ಸಾರು. ಸ್ಟೂಲಿನ ಮೇಲೆ ಇಡುವುದು, ಹೊರಗೆ ಬರುವುದು, ಅರ್ಧ ಉಳಿದದ್ದನ್ನು ತರುವುದು. ಅಮೀರಾ ಮಗುವಿನ ಬಟ್ಟೆಗಳನ್ನು ಮಡಚಿ ಬ್ಯಾಗಿಗೆ ತುಂಬತೊಡಗಿದಳು.

ಮೈಮೂನಮ್ಮ ಬರುವ ಹಿಂದಿನ ದಿನ ಬೆಳಿಗ್ಗೆ ರಮ್ಲತ್ ಮತ್ತೆ ಪುಸ್ತಕ ತೆಗೆದಳು. ಮದ್ದು ಸರಿಯಾದ ಮೇಲೆ ಉಳಿದ ಅಂಟಿದ ಹಾಳೆಗಳನ್ನು ಯಾರೂ ಬಿಡಿಸಿರಲಿಲ್ಲ. ಏನೋ ಒಂದು ವಸ್ತು ತಪ್ಪಿಹೋಗಿರಬೇಕು, ಓಮವೋ, ಕರಿಮೆಣಸೋ, ಅದನ್ನು ಹಾಕಿದರೆ ಅಮೀರಾ ಬಟ್ಟಲು ಖಾಲಿ ಮಾಡಿಯಾಳು ಎಂಬ ಆಸೆ ಅವಳದ್ದು. ಅನ್ನದ ಪಾತ್ರೆಯ ಹಬೆಗೆ ಹಿಡಿದು ಎರಡು ಹಾಳೆ ಬಿಡಿಸಿದಳು. ಓಮ ಇರಲಿಲ್ಲ. ಬೇರೆ ಇತ್ತು.

'ತುಪ್ಪ ಕೊನೆಗೆ ಹಾಕುವುದು. ಅರ್ಧ ಡಬ್ಬಿ ಸಾಕು, ಉಳಿದದ್ದು ಬುಟ್ಟಿಯಲ್ಲಿ ಇಡು. ಕಾಲು ಸರಿಯಾಗಿ ಕಟ್ಟಿ, ಕಪ್ಪು ಹೇಂಟೆ ಹಾರುತ್ತದೆ. ಹಿಂದಿನ ಬಾಗಿಲಿಂದ ತರಬೇಡಿ. ಸುತ್ತು ಹಾಕಿ ರಸ್ತೆಯಿಂದ ಬನ್ನಿ. ಕಿಟಕಿಯಿಂದ ಕಾಣಲಿ. ಮದ್ದು ಇಳಿಸಿ ಬಿಳಿ ಬಟ್ಟೆ ಮುಚ್ಚುವುದು.'

ರಮ್ಲತ್ ಒಮ್ಮೆ ಓದಿದಳು. ಹಿಂದಿನ ಪುಟಕ್ಕೆ ಹೋಗಿ ಮುಷ್ಟಿ ಅಕ್ಕಿಯ ಸಾಲನ್ನು ನೋಡಿದಳು. ಮತ್ತೆ ಇದನ್ನು ಓದಿದಳು. ಅಣ್ಣ ಕಳಿಸಿದ ಬುಟ್ಟಿಯಲ್ಲಿದ್ದ ಎರಡು ಕೋಳಿಗಳಲ್ಲಿ ಒಂದು ಕಪ್ಪು. ಅವಳಿಗೆ ಚೆನ್ನಾಗಿ ನೆನಪಿತ್ತು. ಮಾವ ಬುಟ್ಟಿ ಹೊತ್ತು ಗೇಟು ತೆರೆದು ಬಂದದ್ದು, ಅತ್ತೆ ಕಿಟಕಿಯ ಹತ್ತಿರ ನಿಂತು, "ನೋಡು, ಸುಳ್ಯದಿಂದ ನಿನ್ನ ಅಣ್ಣ ಬಸ್ಸಿನಲ್ಲಿ ಕಳಿಸಿದ್ದಾನೆ" ಎಂದದ್ದು. ಆ ಮಧ್ಯಾಹ್ನ ತಾನು ಮಗುವನ್ನು ಎದೆಗೆ ಒತ್ತಿಕೊಂಡು ಅತ್ತದ್ದು.

ಪುಸ್ತಕ ಹಿಡಿದುಕೊಂಡು ಜಗಲಿಗೆ ಬಂದಳು. ಮೊಯ್ದಿನಬ್ಬ ಪೇಪರು ಓದುತ್ತಿದ್ದರು. ಆ ಶನಿವಾರ ಶಾಲೆಗೆ ರಜೆ, ಸಫ್ರೀನಾ ಮೆಟ್ಟಿಲಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದಳು.

"ಉಪ್ಪಾ, ಆ ದಿನ ಬೆಳಿಗ್ಗೆ ನಮ್ಮ ಅಂಗಳದಲ್ಲಿ ಅಕ್ಕಿ ತಿಂದ ಕಪ್ಪು ಹೇಂಟೆ ಮಧ್ಯಾಹ್ನ ಸುಳ್ಯದಿಂದ ಬಂದದ್ದು ಹೇಗೆ?"

ಮೊಯ್ದಿನಬ್ಬ ಕೆಮ್ಮಿದರು. ಕಾಲು ಚಪ್ಪಲಿ ಹುಡುಕಿತು.

"ಹೋಗ್ಬೇಡಿ ಉಪ್ಪಾ. ಕೂತ್ಕೊಳ್ಳಿ."

ಮುದುಕ ಕೂತರು. ಪೇಪರನ್ನು ನಾಲ್ಕು ಮಡಿಕೆ ಮಾಡಿದರು.

"ನಿನ್ನ ಅಣ್ಣ ಆಗ ನಿನ್ನ ಹತ್ತಿರ ಮಾತು ಬಿಟ್ಟಿದ್ದ. ಹೆತ್ತದ್ದನ್ನು ಹೇಳಿ ಕಳಿಸಿದ್ರೂ ಬರ್ಲಿಲ್ಲ. ನೀನು ದಿನವಿಡೀ ಆ ಕಿಟಕಿಯಿಂದ ಗೇಟು ನೋಡ್ತಾ ಇದ್ದೆ. ಪಾತುವಿಗೆ ಅದು ನೋಡ್ಲಿಕ್ಕೆ ಆಗ್ಲಿಲ್ಲ. ಬುಟ್ಟಿ ಕಟ್ಟಿ ನನ್ನ ಕೈಗೆ ಕೊಟ್ಟಳು. ಹಿತ್ತಲಿಂದ ಇಳಿದು, ತೋಡು ದಾಟಿ, ರಸ್ತೆಗೆ ಬಂದೆ. ಅಲ್ಲಿ ನೆರೆಮನೆಯ ಅಚ್ಚುತ ಸಿಕ್ಕಿ, 'ಎಂತ ಸಾಹೇಬ್ರೆ, ಕೋಳಿ ಮಾರ್ಲಿಕ್ಕುಂಟಾ?' ಅಂತ ಕೇಳಿದ. ಮಾನ ಹೋಯ್ತು ನನ್ನದು."

ಸಫ್ರೀನಾ ನಗಲು ಹೋಗಿ, ತಾಯಿಯ ಮುಖ ನೋಡಿ ಮತ್ತೆ ಬಟಾಣಿಗೆ ಕೈ ಹಾಕಿದಳು.

"ನಾನು ಅಣ್ಣನಿಗೆ ಫೋನು ಮಾಡಿ ಬುಟ್ಟಿ ಸಿಕ್ಕಿತು ಅಂತ ಹೇಳಿದ್ದೆ. ಅವ 'ಹಾಂ, ಹಾಂ' ಅಂದಿದ್ದ."

"ಎಂತ ಹೇಳಿಯಾನು ಪಾಪ! ನಾಚಿಕೆ ಆಗಿರ್ಬೇಕು. ಆ ಪೆರ್ನಾಲ್ ಹಬ್ಬಕ್ಕೆ ಬಂದನಲ್ಲ, ಆಮೇಲೆ ಬಿಟ್ಟದ್ದುಂಟಾ? ಪಾತು ನನ್ನ ಹತ್ತಿರ ಆಣೆ ಹಾಕಿಸಿದ್ದಳು, ಸಾಯುವವರೆಗೆ ಹೇಳ್ಬಾರ್ದು ಅಂತ." ಅವರು ಅಂಗಳದ ಕಡೆ ನೋಡಿದರು. "ಅವಳು ಸತ್ತಳು, ನಾನು ಇನ್ನೂ ಉಂಟಲ್ಲ. ಹಾಗೆ ಬಾಯಿ ಬಿಡ್ಲಿಲ್ಲ."

ರಮ್ಲತ್ ಕಂಬಕ್ಕೆ ಒರಗಿ ಅತ್ತಳು. ಮರೆ ಮಾಡಲಿಲ್ಲ. ಹದಿನೈದು ವರ್ಷ ಆ ಬುಟ್ಟಿಯ ಬಲದಲ್ಲಿ ತಲೆಯೆತ್ತಿ ನಿಂತಿದ್ದಳು. 'ನನಗೂ ತವರು ಉಂಟು' ಎಂದು ಆ ಅತ್ತೆಯ ಹತ್ತಿರವೇ ಎಷ್ಟು ಸಲ ಜಗಳದಲ್ಲಿ ಹೇಳಿದ್ದಳು! ಹೇಳಿದಾಗಲೆಲ್ಲ ಪಾತು, "ಉಂಟು ಮಗಳೇ, ಇಲ್ಲ ಅಂದದ್ದು ಯಾರು?" ಎಂದು ಸೋಲುತ್ತಿದ್ದಳು.

ಸಫ್ರೀನಾ ಬಟಾಣಿ ಬದಿಗಿಟ್ಟು ಪುಸ್ತಕ ತೆಗೆದುಕೊಂಡಳು. ಕೊನೆಯ ಪುಟದ ಕೊನೆಯ ಸಾಲುಗಳನ್ನು ಓದಿ ಹೇಳಿದಳು. "'ಬಟ್ಟಲಿಗೆ ಹಾಕಿದೆ. ಬರೆದದ್ದು ಸಾಕು ಅಮೀರಾ. ತೆಗೆದುಕೊಂಡು ಹೋಗಿ ಅವಳ ಹತ್ತಿರ ಕೂತುಕೋ. ತಿಂದು ಮುಗಿಯುವವರೆಗೆ ಏಳಬೇಡ. ಒಬ್ಬಳೇ ಇದ್ದಾಳೆ.' ಇದಕ್ಕೆ ಗುರುತು ಎಂತದು ಹಾಕುದು ಉಮ್ಮ? ಇದು ಬರೀ ಮಾತಲ್ವಾ?"

ರಮ್ಲತ್ ಕಣ್ಣು ಒರೆಸಿಕೊಂಡು ಒಳಗೆ ಹೋದಳು. ಹತ್ತು ಗಂಟೆಯಾಗಿತ್ತು. ಮದ್ದು ಬಿಸಿ ಮಾಡಿ ಬಟ್ಟಲಿಗೆ ಹಾಕಿದಳು. ಕೋಣೆಯಲ್ಲಿ ಸ್ಟೂಲನ್ನು ಕಾಲಿನಿಂದ ಬದಿಗೆ ಸರಿಸಿ, ಮಂಚದ ಮೇಲೆಯೇ ಕೂತಳು.

"ಎಂತ ಅತ್ತಿಗೆ? ಅತ್ತದ್ದಾ?"

"ತಿನ್ನು. ನಾನು ಹೇಳ್ತೇನೆ."

ಬುಟ್ಟಿಯ ಕಥೆಯನ್ನು ಮೊದಲಿನಿಂದ ಹೇಳಿದಳು. ಕೋಳಿಯ ಪಾಲಿನ ಮುಷ್ಟಿಯನ್ನು ಹೇಳಿದಳು. ಅಮೀರಾ ಅಳುತ್ತ ನಕ್ಕಳು, ನಗುತ್ತ ಒಂದೊಂದು ಚಮಚ ಬಾಯಿಗಿಟ್ಟಳು.

"ನಾನೇ ಬರೆದದ್ದಾ ಇದು? ಬರೆದವಳಿಗೇ ಗೊತ್ತಾಗ್ಲಿಲ್ಲ."

"ಆ ದಿನ ನೀನು ಬಟ್ಟಲು ಹಿಡ್ಕೊಂಡು ಬಂದು ಇಲ್ಲಿಯೇ ಕೂತಿದ್ದೆ. ಸಮಾಜ ಪುಸ್ತಕ ಬಿಡಿಸಿ ಜಿಲ್ಲೆಗಳ ಹೆಸರು ಓದಿ ಹೇಳಿದ್ದೆ. ಬೀದರಿನಿಂದ ಸುರು ಮಾಡಿ. ನೀನು ಮುಗಿಸುವಷ್ಟರಲ್ಲಿ ನನ್ನ ಬಟ್ಟಲು ಖಾಲಿ. ಈ ಹುಡುಗಿಗೆ ನನ್ನ ಮೇಲೆ ಎಷ್ಟು ಪ್ರೀತಿ ಅಂತ ನಾನು ನೆನೆಸಿದ್ದು. ಕಳಿಸಿದ್ದು ಉಮ್ಮ ಅಂತ ಈಗ ಗೊತ್ತಾಯ್ತು."

"ಉಮ್ಮ ಹೇಳಿದ್ದು ಒಂದು ದಿನಕ್ಕೆ," ಅಮೀರಾ ಹೇಳಿದಳು. "ಉಳಿದ ದಿನ ನಾನೇ ಬಂದದ್ದು."

ರಮ್ಲತ್ ಬಟ್ಟಲು ನೋಡಿದಳು. ತಳ ಕಾಣುತ್ತಿತ್ತು.

ಮರುದಿನ ಹನ್ನೊಂದು ಗಂಟೆಗೆ ಕಡಬದ ಕಾರು ಬಂತು. ಮೈಮೂನಮ್ಮ ಜಗಲಿಗೆ ಹತ್ತಿ ಸಲಾಮು ಹೇಳಿ, "ಎಲ್ಲ ತಯಾರುಂಟಲ್ಲ? ಬ್ಯಾಗು ಎಲ್ಲಿ?" ಎಂದು ಕೇಳಿದರು. ಅಸ್ಕರ್ ಹೆಂಡತಿಯ ಮುಖ ನೋಡಿದ. ರಮ್ಲತ್ ಕೋಣೆಯ ಬಾಗಿಲ ಕಡೆ ನೋಡಿದಳು. ಹೇಳಬೇಕಾದವಳು ಅವಳಲ್ಲ.

ಅಮೀರಾ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು.

"ಮಾಮಿ, ಕೂತ್ಕೊಳ್ಳಿ. ಊಟ ಮಾಡಿಯೇ ಹೋಗುದು. ನಾನು ಈಗ ಬರುದಿಲ್ಲ. ಇನ್ನೂ ಹದಿನಾರು ದಿನ ಉಂಟು."

"ಇಲ್ಲಿ ಸರಿ ಹೋಗುದಿಲ್ಲ ಅಂತ ನೀನೇ ಹೇಳಿದ್ದಲ್ವಾ?"

"ಹೇಳಿದ್ದೆ. ಮದ್ದಿಗೆ ಒಂದು ಹಾಕ್ಲಿಕ್ಕೆ ಬಾಕಿ ಇತ್ತು. ನಿನ್ನೆ ಹಾಕಿದ್ರು."

"ಎಂತ ಬಾಕಿ? ಓಮವಾ?"

ಅಮೀರಾ ಮಗುವನ್ನು ಅತ್ತೆಯ ಮಡಿಲಲ್ಲಿ ಮಲಗಿಸಿದಳು. ಒಳಗೆ ಸಫ್ರೀನಾ ಪುಸ್ತಕ ಬಿಡಿಸಿ ಕೂತಿದ್ದಳು. ಎಲ್ಲ ಸಾಲಿಗೂ ಗುರುತು ಬಿದ್ದಿತ್ತು, ಕೊನೆಯದ್ದು ಮಾತ್ರ ಖಾಲಿ ಉಳಿದಿತ್ತು. ಅಮೀರಾ ಅವಳ ಕೈಯಿಂದ ಪೆನ್ಸಿಲು ತೆಗೆದುಕೊಂಡಳು. 'ಒಬ್ಬಳೇ ಇದ್ದಾಳೆ' ಎಂದು ತಾನೇ ದುಂಡಗೆ ಬರೆದ ಸಾಲಿನ ಮುಂದೆ, ದೊಡ್ಡದಾಗಿ ಸರಿ ಗುರುತು ಹಾಕಿದಳು.